ಹಲಗೆ ಒಣಗುವ ತನಕ

ದಸರಾಕ್ಕೆ ಇನ್ನು ಹತ್ತು ದಿನ ಇದೆ ಅನ್ನುವಾಗ ನನ್ನ ಫೋನಿಗೆ ಬಿಡುವಿರುವುದಿಲ್ಲ. ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ಹೋಂಸ್ಟೇ, ರೆಸಾರ್ಟಿನವರು. ಎಲ್ಲರದ್ದೂ ಒಂದೇ ಪಲ್ಲವಿ: ಮಳೆ ಬಿಟ್ಟಿದೆ, ಡೆಕ್ (ಮರದ ಹಲಗೆ ಹಾಸಿದ ಹೊರಜಗುಲಿ) ಮೇಲೆ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತದೆ, ಹಲಗೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿವೆ, ರಜೆಗೆ ರೂಮು ಪೂರ್ತಿ ಬುಕ್ ಆಗಿದೆ, ಅಷ್ಟರೊಳಗೆ ತೊಳೆದು ಎಣ್ಣೆ ಹಾಕಿಕೊಡಿ. ತೊಳೆದುಕೊಡುತ್ತೇನೆ, ಎಣ್ಣೆ ಮಾತ್ರ ಈಗ ಬೇಡ ಅನ್ನುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾದ್ರೆ ಬೇರೆಯವ್ರನ್ನ ನೋಡ್ಕೋತೀವಿ ಬಿಡಿ ಸಾರ್." ನೋಡಿಕೊಳ್ಳುತ್ತಾರೆ ಕೂಡ. ಅವರಲ್ಲಿ ಕೆಲವರು ಫೆಬ್ರವರಿಯಲ್ಲಿ ಮತ್ತೆ ನನಗೇ ಫೋನ್ ಮಾಡುತ್ತಾರೆ. ಅಷ್ಟರಲ್ಲಿ ಕೆಲಸ ಎರಡಷ್ಟಾಗಿರುತ್ತದೆ. ಅಂಟಂಟಾಗಿ ಕೂತ ಹಳೇ ಎಣ್ಣೆಯನ್ನು ಕೆರೆದು ತೆಗೆದ ಮೇಲೆ ತಾನೇ ಹೊಸತು?

ನನ್ನ ಜೇಬಿನಲ್ಲಿ ಎರಡು ಸೂಜಿಯ ಒಂದು ತೇವಾಂಶದ ಮೀಟರ್ ಇರುತ್ತದೆ. ಹಲಗೆಗೆ ಚುಚ್ಚಿದರೆ ತೇವ ಶೇಕಡಾ ಎಷ್ಟು ಅಂತ ಅಂಕಿ ತೋರಿಸುತ್ತದೆ. 15ಕ್ಕಿಂತ ಕೆಳಗೆ ಬಂದರೆ ಎಣ್ಣೆಯ ಡಬ್ಬಿ ತೆರೆಯಬಹುದು. ಮಲೆನಾಡಿನಲ್ಲಿ ಮಳೆ ನಿಂತ ಮೊದಲ ವಾರ 22, 24 ಸಾಮಾನ್ಯ. ಬಿಸಿಲು ಬಿದ್ದು ಮೇಲ್ಮೈ ಬೆಚ್ಚಗಾಗಿದೆ, ಕೈಗೆ ಒಣಗಿದ ಹಾಗೇ ಇದೆ, ಆದರೂ ಅಂಕಿ ಇಳಿಯುವುದಿಲ್ಲ. ಆಷಾಢದಲ್ಲಿ ಭರಣಿಯ ಉಪ್ಪು ನೀರು ಬಿಡುವುದನ್ನು ನೋಡಿದ್ದೀರಲ್ಲ, ಮರದ್ದೂ ಅದೇ ಕಥೆ. ಗಾಳಿಯ ತೇವ ಶೇ 90ರ ಆಸುಪಾಸಿನಲ್ಲಿ ವಾರಗಟ್ಟಲೆ ನಿಂತರೆ, ಸೂರಿನಡಿ ಒಂದು ಹನಿ ನೀರು ಬೀಳದ ಹಲಗೆ ಕೂಡ ಶೇ 20ರ ಹತ್ತಿರ ಬಂದು ನಿಲ್ಲುತ್ತದೆ. ಎಣ್ಣೆ ಇಳಿಯಬೇಕಾದ ಜಾಗದಲ್ಲಿ ನೀರು ಕೂತಿದೆ. ಮೇಲೆ ಉಳಿದ ಎಣ್ಣೆ ಜಿಡ್ಡಾಗಿ ಧೂಳು ಹಿಡಿಯುತ್ತದೆ, ಬೂಸ್ಟಿಗೆ ಊಟವಾಗುತ್ತದೆ. ಅದಕ್ಕೇ ನಾನು ಹಲಗೆಯ ನಡುವೆ ಅಳೆಯುವುದಿಲ್ಲ. ತುದಿಯಲ್ಲಿ, ತೊಲೆಗೆ ತಾಗಿದ ಕಡೆ ಅಳೆಯುತ್ತೇನೆ. ಸುಳ್ಳು ಹೇಳದ ಜಾಗ ಅದು.

ಬೂದಿ ಬಣ್ಣದ ಬಗ್ಗೆ ಜನರಿಗಿರುವ ಭಯ ಮಾತ್ರ ಜಾಸ್ತಿಯಾಯಿತು. ಬಿಸಿಲಿನ ಅತಿನೇರಳೆ ಕಿರಣ ಮರದ ನಾರುಗಳನ್ನು ಕಚ್ಚಿ ಹಿಡಿದಿರುವ ಲಿಗ್ನಿನ್ ಅನ್ನು ಮುರಿಯುತ್ತದೆ, ಮಳೆ ಅದನ್ನು ತೊಳೆದೊಯ್ಯುತ್ತದೆ, ಬಿಳಿಚಿದ ನಾರು ಉಳಿಯುತ್ತದೆ. ಇದೆಲ್ಲ ಆಗುವುದು ತೀರಾ ತೆಳುವಾದ ಮೇಲ್ಪದರದಲ್ಲಿ. ಅದರ ಕೆಳಗೆ ತೇಗ ತೇಗವಾಗಿಯೇ ಇರುತ್ತದೆ. ಹಾಗಾಗಿ ಡೆಕ್ ಹಾಳಾಗಿದೆ ಅಂತ ಕರೆದ ಕಡೆಯೆಲ್ಲ ಬಿಸಿಲು, ಮಳೆ ಮಾಡಿದ ಹಾನಿಗಿಂತ ತೊಳೆದವರು ಮಾಡಿದ ಹಾನಿಯೇ ನನ್ನ ಕಣ್ಣಿಗೆ ಮೊದಲು ಬೀಳುವುದು.

ಒಂದು ಕಡೆ ಮಾಲೀಕರು ಜೀಪು ತೊಳೆಯುವ ಪ್ರೆಷರ್ ಮಷೀನನ್ನೇ ಡೆಕ್ಕಿಗೂ ಹಿಡಿದಿದ್ದರು. ಅಂಥ ಮಷೀನು 120–150 ಬಾರ್ ಒತ್ತಡದಲ್ಲಿ ನೀರು ಚಿಮ್ಮುತ್ತದೆ. ಮರದ ಉಂಗುರಗಳಲ್ಲಿ ಮೆದು ಭಾಗ, ಗಟ್ಟಿ ಭಾಗ ಒಂದಾದ ಮೇಲೊಂದು ಇರುತ್ತವೆ. ಮೆದುವೆಲ್ಲ ಕಿತ್ತುಹೋಗಿ ಗಟ್ಟಿಯದ್ದು ಏಣುಗಳಾಗಿ ನಿಂತು, ಹಲಗೆ ಉತ್ತ ಹೊಲದ ಹಾಗಾಗಿತ್ತು. ಬರಿಗಾಲಲ್ಲಿ ನಡೆದ ಅತಿಥಿಯೊಬ್ಬರ ಅಂಗಾಲಿಗೆ ಸಿಬಿರು ಹೊಕ್ಕ ಮೇಲೆ ನನ್ನನ್ನು ಕರೆದದ್ದು. ನಾನೂ ಮಷೀನು ಬಳಸುತ್ತೇನೆ, ಆದರೆ ತೇಗಕ್ಕೆ 60 ಬಾರ್ ದಾಟಿಸುವುದಿಲ್ಲ, ಪೈನ್ ಮರಕ್ಕೆ 40 ಸಾಕು. ಬೀಸಣಿಗೆಯಂತೆ ನೀರು ಹರಡುವ ಹಸಿರು ಅಥವಾ ಬಿಳಿ ನಾಜಲ್, ಹಲಗೆಯಿಂದ ಒಂದಡಿ ದೂರ, ಎಳೆಯ ಉದ್ದಕ್ಕೆ. ಸೂಜಿಯಂತೆ ಒಂದೇ ಧಾರೆ ಬಿಡುವ ಕೆಂಪು ನಾಜಲನ್ನು ನಮ್ಮ ಹುಡುಗರ ಕೈಗೇ ಕೊಟ್ಟಿಲ್ಲ.

ಕೊಳೆ ಬಿಡಿಸುವುದು ನೀರಿನ ಜೋರಲ್ಲ, ಪುಡಿ. ಸೋಡಿಯಂ ಪರ್ಕಾರ್ಬೊನೇಟ್ ಅಂತ. ಬಿಳಿ ಬಟ್ಟೆಯ ಕಲೆ ತೆಗೆಯಲು ಅಂಗಡಿಯಲ್ಲಿ ಸಿಗುವ ಪುಡಿಗಳಲ್ಲೂ ಇದೇ ಇರುತ್ತದೆ. ಬಿಸಿನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಬೆಳಗಿನ ತಂಪಿನಲ್ಲಿ ಹಲಗೆ ಒದ್ದೆ ಮಾಡಿ, ಇದನ್ನು ಸುರಿದು, ಒಣಗಲು ಬಿಡದೆ ಹತ್ತು ಹದಿನೈದು ನಿಮಿಷ ಕಾದು, ನೈಲಾನ್ ಬ್ರಷ್ಷಿನಲ್ಲಿ ಉಜ್ಜಿದರೆ ಪಾಚಿ ಕಂದು ನೊರೆಯಾಗಿ ಹರಿದುಹೋಗುತ್ತದೆ. ನಮ್ಮಲ್ಲಿ ಬಹಳ ಜನ ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ಪಾಚಿ ಸಾಯುತ್ತದೆ, ನಿಜ. ಜೊತೆಗೆ ಲಿಗ್ನಿನ್ನೂ ಹೋಗಿ ಹಲಗೆಯ ಮೇಲೆ ಹತ್ತಿಯಂಥ ನಾರು ಏಳುತ್ತದೆ, ಸ್ಕ್ರೂಗಳು ತುಕ್ಕು ಹಿಡಿಯುತ್ತವೆ.

ಬ್ಲೀಚಿಂಗ್ ಪೌಡರ್ ಹಾಕಿದ್ದೀರಾ ಅಂತ ನಾನು ಮೊದಲೇ ಕೇಳುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಮುಂದಿನ ಹಂತದಲ್ಲಿ ನಾನು ಹಾಕುವುದು ಆಕ್ಸಾಲಿಕ್ ಆಸಿಡ್. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ಆಸಿಡ್ ಯಾಕೆ ಬೇಕು ಅಂದರೆ, ಪರ್ಕಾರ್ಬೊನೇಟ್ ಕ್ಷಾರ. ತೊಳೆದ ಮೇಲೆ ತೇಗ ಕಪ್ಪಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಮಾಲೀಕರು ಕಾಫಿ ಲೋಟ ಹಿಡಿದು ಬಂದು ನಿಲ್ಲುತ್ತಾರೆ. "ಏನ್ರೀ ಇದು, ಇದ್ದದ್ದೂ ಹೋಯ್ತಲ್ಲ!" ನಾನು ಉತ್ತರ ಕೊಡುವ ಬದಲು, ಸ್ಕ್ರೂ ಸುತ್ತ ಕರೀ ಕಲೆಯಿರುವ ಹಲಗೆ ಹುಡುಕುತ್ತೇನೆ. ಮತ್ತಿ, ತೇಗದಂಥ ಮರದ ಒಗರಿಗೆ ಕಬ್ಬಿಣ ಸೇರಿದರೆ ಕಪ್ಪು ಹುಟ್ಟುತ್ತದೆ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಹಾಕಿ ಶಾಯಿ ಮಾಡುತ್ತಿದ್ದದ್ದು ಹೀಗೇ. ಲೀಟರ್ ನೀರಿಗೆ 40–50 ಗ್ರಾಂ ಆಕ್ಸಾಲಿಕ್ ಕದಡಿ ಆ ಕಲೆಯ ಮೇಲೆ ಬ್ರಷ್ ಎಳೆಯುತ್ತೇನೆ. ಮೊದಲ ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಕಪ್ಪಿನ ಅಂಚು ಕಂದಾಗುತ್ತದೆ, ಕಂದು ತೆಳುವಾಗುತ್ತದೆ, ಸುತ್ತಲಿನ ಹಲಗೆ ಜೇನಿನ ಬಣ್ಣಕ್ಕೆ ಬರುತ್ತದೆ. ಕಾಫಿ ಆರುವುದರೊಳಗೆ ಶಾಯಿ ಮಾಯ. ಇಪ್ಪತ್ತು ನಿಮಿಷದ ಭಾಷಣ ಮಾಡದ ಕೆಲಸವನ್ನು ಆ ಒಂದು ಹಲಗೆ ಮಾಡುತ್ತದೆ. ಆಕ್ಸಾಲಿಕ್ ವಿಷ ಅನ್ನುವುದು ಮಾತ್ರ ಮರೆಯಬಾರದು. ಗ್ಲೌಸ್, ಮಾಸ್ಕ್ ಇಲ್ಲದೆ ಪುಡಿ ಮುಟ್ಟುವ ಹಾಗಿಲ್ಲ. ನೀರಿನ ಬಾಟಲಿಯಲ್ಲಿ ತುಂಬಿಟ್ಟಿದ್ದು ಕಂಡರೆ ಆ ಹುಡುಗನನ್ನು ಅವತ್ತೇ ಮನೆಗೆ ಕಳಿಸುತ್ತೇನೆ. ಸುತ್ತಲಿನ ಗಿಡಗಳಿಗೆ ಮೊದಲೇ ನೀರು ಹೊಡೆದು ತೊಯ್ಯಿಸಿಡುತ್ತೇವೆ. ಡೆಕ್ ಕೆಳಗೆ ಮೀನಿನ ಹೊಂಡವಿದ್ದರೆ ಟಾರ್ಪಾಲ್ ಕಟ್ಟಿ ನೀರನ್ನು ಬೇರೆ ಕಡೆ ಇಳಿಸುವ ಖರ್ಚನ್ನು ಕೊಟೇಶನ್ನಿನಲ್ಲೇ ಬರೆಯುತ್ತೇನೆ.

ಕೊಟೇಶನ್ ವಿಷಯಕ್ಕೆ ಬಂದರೆ, ಮೊದಲ ವರ್ಷ ಕೈ ಸುಟ್ಟುಕೊಂಡಿದ್ದೇನೆ. ಡಬ್ಬಿಯ ಮೇಲೆ ಒಂದು ಲೀಟರಿಗೆ ಸುಮಾರು 100 ಚದರ ಅಡಿ ಅಂತ ಬರೆದಿತ್ತು. 600 ಚದರ ಅಡಿ ಡೆಕ್, ಒಂದು ಕೈ ಎಣ್ಣೆಗೆ 6 ಲೀಟರ್, ಲೆಕ್ಕ ಸರಿ ಅಂದುಕೊಂಡು ಒಪ್ಪಿಕೊಂಡೆ. ಎಂಟು ವರ್ಷ ಬಿಸಿಲು ಕುಡಿದ ಹಲಗೆ ಅದು. ಮೊದಲ ಕೈಗೇ 11 ಲೀಟರ್ ಹೀರಿತು, ನನ್ನ ಲಾಭವನ್ನೂ ಸೇರಿಸಿ. ಈಗ ಮೂಲೆಯ ಒಂದು ಹಲಗೆಗೆ ಪೂರ್ತಿ ಕೆಲಸ ಮಾಡಿ, ಎಷ್ಟು ಹಿಡಿಯಿತು ನೋಡಿ, ಆಮೇಲೆ ದರ ಹೇಳುತ್ತೇನೆ. ಕೂಲಿ ಬೇರೆ, ಎಣ್ಣೆ ಆದಷ್ಟು. ಅದೇ ಹೊತ್ತಿಗೆ ಸ್ಕ್ರೂಡ್ರೈವರ್ ಹಿಡಿದು ಡೆಕ್ ಅಡಿಗೂ ನುಗ್ಗುತ್ತೇನೆ. ಸಿಲ್ವರ್ ಓಕ್ ಎಲೆ ಹಲಗೆಗಳ ಸಂದಿಯಲ್ಲಿ ಬಿದ್ದು ಗೊಬ್ಬರವಾಗಿ, ತೊಲೆಯ ತಲೆ ವರ್ಷವಿಡೀ ಒದ್ದೆ ಇರುವುದು ಕಾಫಿ ತೋಟದ ಡೆಕ್ಕುಗಳಲ್ಲಿ ಮಾಮೂಲು. ಸ್ಕ್ರೂಡ್ರೈವರ್ ಬೆಣ್ಣೆಗೆ ಹೋದ ಹಾಗೆ ಹೋದರೆ ನಾನು ಮಷೀನು ಇಳಿಸುವುದೇ ಇಲ್ಲ, ಬಡಗಿಯನ್ನು ಕರೆಸಿ ಅನ್ನುತ್ತೇನೆ. ಕೆಳಗೆ ಇಪ್ಪತ್ತು ಅಡಿ ಕಮರಿ ಇರುವ ವ್ಯೂ ಪಾಯಿಂಟ್ ಡೆಕ್ಕಿಗೆ ಮೇಲೆ ಮಿರುಗುವ ಎಣ್ಣೆ ಹಾಕಿ ದುಡ್ಡು ಎಣಿಸಲು ನನ್ನಿಂದ ಆಗದು.

ಮಿರುಗು ಅಂದಾಗ ಇನ್ನೊಂದು ಜಗಳ. ಒಳಗಿನ ಮೇಜಿನ ಹಾಗೆ ಪಾಲಿಷ್ ಬೇಕು ಅನ್ನುತ್ತಾರೆ. ವಾರ್ನಿಷ್, ಪಿಯು (ಪಾಲಿಯುರೆಥೇನ್ ಪಾಲಿಷ್) ಮರದ ಮೇಲೆ ಸಿಪ್ಪೆಯಂತೆ ಕೂರುತ್ತವೆ. ಹೊರಗಿನ ಬಿಸಿಲಿಗೆ ಆ ಸಿಪ್ಪೆ ಸೀಳಿ, ನೀರು ಅಡಿಗೆ ನುಗ್ಗಿ, ಎರಡು ಮಳೆಗಾಲದಲ್ಲಿ ಹಾವಿನ ಪೊರೆಯಂತೆ ಏಳುತ್ತದೆ. ಎಣ್ಣೆ ಮಾಸುತ್ತದೆ, ಆದರೆ ಏಳುವುದಿಲ್ಲ. ಮುಂದಿನ ವರ್ಷ ತೊಳೆದು ಮತ್ತೊಂದು ಕೈ ಹಾಕಿದರೆ ಆಯಿತು. ಹೊಸ ತೇಗಕ್ಕೆ ಅದರದ್ದೇ ಎಣ್ಣೆ ಇರುವುದರಿಂದ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಬೇಕು. ಉಜ್ಜುವ ಕಾಗದ 80ರ ನಂಬರಿಗೆ ನಿಲ್ಲಿಸಿ. ಇನ್ನೂ ನುಣುಪು ಮಾಡಿದರೆ ಎಣ್ಣೆ ಒಳಗೆ ಇಳಿಯದು. ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯುಪಿಸಿ ಹಲಗೆಯಾದರೆ ಎಣ್ಣೆಯ ಮಾತೇ ಇಲ್ಲ, ಸೋಪು ನೀರು ಸಾಕು. ಅದಕ್ಕೆ ನನ್ನನ್ನು ಕರೆಸಬೇಡಿ.

ಎಣ್ಣೆ ಒರೆಸಿದ ಬಟ್ಟೆಯ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಈ ಕೆಲಸಕ್ಕೆ ಬಳಸುವ ಅಗಸೆ ಎಣ್ಣೆ ಗಾಳಿ ಸೇರಿ ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಮುದ್ದೆ ಮಾಡಿ ಬಿಸಾಕಿದ ಬಟ್ಟೆಯಲ್ಲಿ ಆ ಶಾಖ ಹೊರಗೆ ಹೋಗದೆ, ಬೆಂಕಿಕಡ್ಡಿ ಇಲ್ಲದೇ ಹೊತ್ತಿಕೊಳ್ಳುತ್ತದೆ. ಕೇಳಿದ್ದೆ, ನಂಬಿರಲಿಲ್ಲ. ಒಂದು ಸಂಜೆ ನಮ್ಮ ಶೆಡ್ಡಿನಲ್ಲಿ ಸುಟ್ಟ ವಾಸನೆ ಬಂದು ನೋಡಿದರೆ ಪ್ಲಾಸ್ಟಿಕ್ ಬಕೆಟ್ಟಿನ ತಳ ಕರಗಿ ಬಟ್ಟೆ ಹೊಗೆಯಾಡುತ್ತಿತ್ತು. ಪಕ್ಕದಲ್ಲೇ ಥಿನ್ನರ್ ಕ್ಯಾನು. ಅವತ್ತಿನಿಂದ ಬಟ್ಟೆಗಳನ್ನು ನೀರು ತುಂಬಿದ ಕಬ್ಬಿಣದ ಡಬ್ಬಿಯಲ್ಲಿ ಮುಳುಗಿಸಿಯೇ ಸೈಟು ಬಿಡುವುದು.

ಮತ್ತೆ ಒಣಗುವ ಮಾತಿಗೇ ಬರಬೇಕು, ಏಕೆಂದರೆ ಈ ವ್ಯವಹಾರದ ಕಷ್ಟವೆಲ್ಲ ಇರುವುದು ಕ್ಯಾಲೆಂಡರಿನಲ್ಲಿ. ಎಣ್ಣೆಗೆ ಹೇಳಿ ಮಾಡಿಸಿದ ಒಣಹವೆ ಡಿಸೆಂಬರಿನಿಂದ ಫೆಬ್ರವರಿ ತನಕ. ಆ ತಿಂಗಳುಗಳಲ್ಲೇ ಕಾಫಿ ಕೊಯ್ಲು. ಮಾರ್ಚ್, ಏಪ್ರಿಲ್ ಅಂದರೆ ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಯಾವ ಮಧ್ಯಾಹ್ನ ಬರುತ್ತದೋ ಗೊತ್ತಿಲ್ಲ. ತೋಟದವರು ಮೋಡ ನೋಡಿ ಕೈಮುಗಿಯುತ್ತಿದ್ದರೆ ನಾನು ಹಸಿ ಎಣ್ಣೆಯ ಮೇಲೆ ಟಾರ್ಪಾಲ್ ಎಳೆಯುತ್ತಿರುತ್ತೇನೆ.

ಹೋದ ವರ್ಷ ದಸರಾಕ್ಕೆ ಮುಂಚೆ ಸಿಟ್ಟಾಗಿ ಫೋನ್ ಇಟ್ಟಿದ್ದ ಗೌಡರೊಬ್ಬರು ಎರಡು ದಿನ ಬಿಟ್ಟು ಮತ್ತೆ ಮಾಡಿ, ತೊಳೆದಾದರೂ ಕೊಡಿ ಅಂದರು. ತೊಳೆದುಕೊಟ್ಟು, ನನ್ನ ಹಳೇ ಮೀಟರನ್ನು ಅವರ ಕೈಗಿತ್ತು ಬಂದೆ. ಅಲ್ಲಿಂದ ವಾಟ್ಸ್‌ಆ್ಯಪಿನಲ್ಲಿ ಆಗಾಗ ಒಂದೊಂದು ಫೋಟೊ: 21. 19. ದೀಪಾವಳಿ ಕಳೆದ ಮೇಲೆ 17. ಡಿಸೆಂಬರ್ ಎರಡನೇ ವಾರ ಬೆಳಿಗ್ಗೆ ಏಳಕ್ಕೇ ಫೋನು. "ಹದಿನಾಲ್ಕು ಬಂತು ಕಣ್ರೀ! ಹುಡುಗ್ರನ್ನ ಯಾವತ್ತು ಕಳಿಸ್ತೀರಾ?"

"ಹುಡುಗ್ರು ಎಲ್ಲಿದಾರೆ ಗೌಡ್ರೇ," ಅಂದೆ, "ಇಬ್ರೂ ನಿಮ್ಮ ತೋಟದಲ್ಲೇ ಹಣ್ಣು ಕುಯ್ತಾ ಇದಾರಲ್ಲ."