ಕೆಂಪು ಗೆರೆ ಮೇಲೇರುತ್ತಿದೆಯೇ?

ಕಾಲ್ಬೆರಳ ಸಂದಿಯ ಬಿರುಕಿನಿಂದ ಹೊರಟ ಕೆಂಪು ಗೆರೆ ತೊಡೆಸಂದಿನತ್ತ, ಕೈಯಾದರೆ ಉಗುರುಸುತ್ತಿನಿಂದ ಕಂಕುಳಿನತ್ತ ಹತ್ತುತ್ತಿದ್ದರೆ ಮನೆಯ ಹಿರಿಯರು ‘ನಂಜೇರಿದೆ’ ಎನ್ನುತ್ತಾರೆ. ಅದು ನಿಜ, ಬದನೆಕಾಯಿ ತಿನ್ನುವುದು ಬಿಟ್ಟರೆ ಇಳಿಯುತ್ತದೆ ಎಂಬುದಷ್ಟೇ ಸುಳ್ಳು. ಗಾಯದಲ್ಲಿ ಹೊಕ್ಕ ಬ್ಯಾಕ್ಟೀರಿಯಾ, ಹೆಚ್ಚಾಗಿ ಸ್ಟ್ರೆಪ್ಟೊಕಾಕಸ್, ಚರ್ಮದಡಿಯ ದುಗ್ಧನಾಳ (ಲಿಂಫ್ ದ್ರವ ಹರಿಯುವ ಸಣ್ಣ ನಾಳ) ಹಿಡಿದು ತೊಡೆಸಂದು ಅಥವಾ ಕಂಕುಳಿನ ಗ್ರಂಥಿಯತ್ತ ಸಾಗುವಾಗ ನಾಳ ಉರಿದು ಕಾಣುವ ಗೆರೆ ಅದು. ಚಳಿಜ್ವರ ಕೆಲವೊಮ್ಮೆ ಗೆರೆಗಿಂತ ಮೊದಲೇ ಬರುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಅದನ್ನು ಡೆಂಗಿ ಎಂದುಕೊಂಡು ಪ್ಲೇಟ್‌ಲೆಟ್ ಎಣಿಸುತ್ತ ಕೂರುವವರುಂಟು; ಸಾಕ್ಸ್ ಬಿಚ್ಚಿ ಪಾದ ನೋಡಿರುವುದಿಲ್ಲ.

ಬಾಲ್‌ಪೆನ್ನಿನಿಂದ ಕೆಂಪಿನ ತುದಿಗೆ ಗುರುತು ಹಾಕಿ, ಪಕ್ಕದಲ್ಲೇ ಸಮಯ ಬರೆದು, ಅಂದೇ ವೈದ್ಯರನ್ನು ಕಾಣಿ. ಪೆನಿಸಿಲಿನ್ ಅಲರ್ಜಿ ಇಲ್ಲದವರಿಗೆ ಅಮಾಕ್ಸಿಸಿಲಿನ್ ಅಥವಾ ಸೆಫಲೆಕ್ಸಿನ್ ಸಾಮಾನ್ಯ ಆಯ್ಕೆ. ಸೆಫಲೆಕ್ಸಿನ್ ಆದರೆ ಮೂತ್ರಪಿಂಡ ಸರಿಯಿರುವ ವಯಸ್ಕರಿಗೆ 500 ಮಿ.ಗ್ರಾಂ., ದಿನಕ್ಕೆ 4 ಸಲ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ ಸಿಪ್ರೊಫ್ಲಾಕ್ಸಾಸಿನ್‌ಗೆ ಸ್ಟ್ರೆಪ್ಟೊಕಾಕಸ್ ಸುಲಭಕ್ಕೆ ಬಗ್ಗದು. ಮುಲಾಮು ನಾಳದವರೆಗೆ ಇಳಿಯುವುದೇ ಇಲ್ಲ. ಮೊದಲ 24 ಗಂಟೆ ಕೆಂಪು ಗುರುತು ದಾಟಿ ತುಸು ಸರಿದೀತು. 48 ಗಂಟೆಯಾದರೂ ಹಿಂದೆ ಸರಿಯದಿದ್ದರೆ ಔಷಧಿ ಬದಲಿಸಬೇಕೇ, ಒಳಗೆ ಕೀವು ಕಟ್ಟಿದೆಯೇ ಎಂದು ನೋಡಬೇಕು. ಮೈ ನಡುಗುವ ಚಳಿ, ವಾಂತಿ, ತಲೆಸುತ್ತು, ಮಂಕು, ಗುಳ್ಳೆಯೆದ್ದು ಕಪ್ಪಾಗುವ ಚರ್ಮ, ಹಿಡಿತಕ್ಕೆ ಬಾರದ ಸಕ್ಕರೆ: ಇವುಗಳಲ್ಲಿ ಒಂದಿದ್ದರೂ ಮಾತ್ರೆ ಸಾಲದು, ದಾಖಲಾಗಿ ರಕ್ತನಾಳದ ಮೂಲಕವೇ ಔಷಧಿ ಪಡೆಯಬೇಕು.

ಮಲಗಿದಾಗ ಕಾಲಡಿ ಎರಡು ದಿಂಬಿಟ್ಟು ಪಾದವನ್ನು ಎದೆಮಟ್ಟಕ್ಕಿಂತ ಮೇಲಿಡಿ. ಎಣ್ಣೆ ಹಚ್ಚಿ ನೀವಬೇಡಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೊಫೆನಾಕ್ ನುಂಗಿದರೆ ಸೋಂಕು ಆಳಕ್ಕಿಳಿಯುವ ಸೂಚನೆಯೇ ಮರೆಯಾಗಬಹುದು.

ನಾವು ವೈದ್ಯರೂ ಅವಸರದಲ್ಲಿ ಬಿಟ್ಟುಬಿಡುವುದು ಬೆರಳಸಂದಿಯನ್ನು. ದಿನವಿಡೀ ಒದ್ದೆ ಶೂನಲ್ಲಿರುವ ಡೆಲಿವರಿ ಹುಡುಗರಲ್ಲಿ ನಾಲ್ಕನೇ ಮತ್ತು ಕಿರುಬೆರಳ ನಡುವೆ ಬೆಳ್ಳಗೆ ನೆನೆದು ಸುಲಿದ ಚರ್ಮ ಕಾಣುತ್ತದೆ, ಅದು ಶಿಲೀಂಧ್ರ. ಒರೆಸಿ ಒಣಗಿಸಿ, 1% ಕ್ಲೊಟ್ರಿಮಜೋಲ್ ಕ್ರೀಮನ್ನು ದಿನಕ್ಕೆರಡು ಸಲ, 4 ವಾರ ಹಚ್ಚಬೇಕು. ವಾರಕ್ಕೇ ಬಿಟ್ಟರೆ ಬಾಗಿಲು ತೆರೆದೇ ಇರುತ್ತದೆ, ಗೆರೆ ಮತ್ತೆ ಬರುತ್ತದೆ.

ಗೆರೆ ಗ್ರಂಥಿಯಿಂದ ಶುರುವಾಗಿ ಪಾದದತ್ತ ಇಳಿಯುತ್ತಿದ್ದರೆ ಲೆಕ್ಕವೇ ಬೇರೆ. ಅದು ಆನೆಕಾಲಿನ ಫೈಲೇರಿಯಾ ಹುಳು ನಾಳದೊಳಗೆ ಸಾಯುವಾಗಿನ ಲಕ್ಷಣ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಕೆಲಸಕ್ಕೆ ಬಂದವರಲ್ಲಿ ಇದನ್ನು ನೆನಪಿಡಬೇಕು. ಮರಿಹುಳು ಹುಡುಕಲು ರಕ್ತವನ್ನು ರಾತ್ರಿ 10ರಿಂದ 2ರೊಳಗೆ ತೆಗೆಯಬೇಕು. ಹುಳುವಿನ ಅಂಶವನ್ನು ರಕ್ತದಲ್ಲಿ ಗುರುತಿಸುವ ಆಂಟಿಜೆನ್ ಪರೀಕ್ಷೆಗಾದರೆ ಹಗಲಿನ ರಕ್ತವೂ ನಡೆಯುತ್ತದೆ.