ದೆವ್ವಗಳಿಗೂ ಬೇಕಿದ್ದ ಸರ್ಕಾರಿ ಮುದ್ರೆ

ಬಾವಿಯಿಂದ ಹೆಣ್ಣೊಬ್ಬಳು ಮೇಲೇಳುತ್ತಿದ್ದಾಳೆ. ಕೊರಳಿರಬೇಕಾದ ಜಾಗದಲ್ಲಿ ಪಿಂಗಾಣಿ ತಟ್ಟೆಗಳ ಸಾಲು, ಅವನ್ನು ಸುತ್ತಿಕೊಂಡದ್ದು ಅವಳದೇ ಕೂದಲು. ಬಾಯಿಂದ ಹೊಗೆಯ ಎಳೆಯೊಂದು ಹೊರಟಿದೆ. ಮುಖದಲ್ಲಿ ನನಗೆ ಸಿಟ್ಟಿಗಿಂತ ಸುಸ್ತೇ ಹೆಚ್ಚು ಕಾಣುತ್ತದೆ. ಹತ್ತು ತಟ್ಟೆಗಳಲ್ಲಿ ಒಂದು ಕಾಣೆಯಾದ ತಪ್ಪಿಗೆ ಜೀವ ತೆತ್ತು ಬಾವಿ ಸೇರಿದ ಕೆಲಸದವಳು ಓಕಿಕು. ರಾತ್ರಿಯಾದರೆ ಒಂಬತ್ತರವರೆಗೆ ಎಣಿಸಿ, ಹತ್ತನೆಯದು ಸಿಗದೆ ಚೀರುತ್ತಾಳೆ.

ಜಪಾನಿನ ಕಲಾವಿದ ಕತ್ಸುಶಿಕಾ ಹೊಕುಸಾಯಿ 1831ರ ಸುಮಾರಿಗೆ ಬಿಡಿಸಿದ ಈ ಮರದಚ್ಚಿನ ಚಿತ್ರ 'ನೂರು ಕಥೆಗಳು' ಎಂಬ ಮಾಲಿಕೆಯದು. ಹೆಸರಿಗೆ ನೂರು, ಸಿಕ್ಕಿರುವುದು ಐದೇ. ಹೆಸರು ಬಂದದ್ದು ಶೋಗನ್‌ಗಳು ಆಳುತ್ತಿದ್ದ ಎದೋ ಕಾಲದ (1603–1868) ಒಂದು ಆಟದಿಂದ. ನೂರು ಬತ್ತಿ ಹೊತ್ತಿಸಿ ಕೂರುವುದು, ಒಂದೊಂದು ದೆವ್ವದ ಕಥೆ ಮುಗಿದಂತೆ ಒಂದೊಂದನ್ನು ಆರಿಸುವುದು. ಕೊನೆಯ ಬತ್ತಿ ಆರಿದಾಗ ಕತ್ತಲಲ್ಲಿ ನಿಜವಾದದ್ದೇ ಬರುತ್ತದೆಂದು ನಂಬಿಕೆ.

ದೆವ್ವಗಳು ಮಾರಾಟದ ಸರಕಾಗುವುದು ಅದಕ್ಕೂ ಮೊದಲೇ ಶುರುವಾಗಿತ್ತು. ತೋರಿಯಾಮಾ ಸೆಕಿಯೆನ್ 1776ರಲ್ಲೇ ಭೂತಗಳ ಸಚಿತ್ರ ಪುಸ್ತಕ ಹೊರತಂದಿದ್ದ. 1825ರಲ್ಲಿ ತ್ಸುರುಯಾ ನಾನ್‌ಬೊಕು ಬರೆದ 'ಯೋತ್ಸುಯಾ ಕೈದಾನ್' ಕಾಬೂಕಿ ನಾಟಕರಂಗಕ್ಕೆ ಬಂತು. ನೆರೆಮನೆಯವರು ಮದ್ದೆಂದು ಕಳಿಸಿದ ವಿಷ ಕುಡಿದು ಮುಖ ವಿಕಾರಗೊಂಡು, ಗಂಡನಿಂದಲೂ ಮೋಸಹೋದ ಓಯಿವಾ ಅದರ ನಾಯಕಿ. ಬೇಸಿಗೆಯಲ್ಲಿ ದೆವ್ವದ ನಾಟಕ ಆಡುವುದು ರೂಢಿ. ಸೆಕೆಗೆ ಮೈ ನಡುಗಿಸುವ ಮದ್ದು! ರಂಗದಲ್ಲಿ ಗೆದ್ದದ್ದನ್ನು ಅಚ್ಚುಮನೆಗಳು ಬಿಡುತ್ತವೆಯೇ? ಹೊಕುಸಾಯಿಯ ಓಯಿವಾ, ಹರಿದ ಕಾಗದದ ಲಾಂದ್ರವೇ ಬಾಯಿ ತೆರೆದಂತಿದ್ದಾಳೆ.

ಒಂದು ಚಿತ್ರಕ್ಕೆ ನಾಲ್ಕು ಕೈ ಬೇಕು: ಬರೆಯುವವನು, ಚೆರ್ರಿ ಮರದ ಹಲಗೆ ಕೆತ್ತುವವನು, ಬಣ್ಣ ಒತ್ತುವವನು, ಹಣ ಹೂಡುವ ಪ್ರಕಾಶಕ. 1790ರಿಂದ ಐದನೆಯದೊಂದೂ ಸೇರಿಕೊಂಡಿತು. ಅದು ಪರಿಶೀಲಕನದು. ಅವನ ಮುದ್ರೆಯಿಲ್ಲದೆ ದೆವ್ವವೂ ಅಂಗಡಿಗೆ ಬರುವಂತಿರಲಿಲ್ಲ.

ಕಥೆ ರಂಗೇರುವುದು ಇಲ್ಲೇ. ತೆನ್‌ಪೊ ಸುಧಾರಣೆಗಳೆಂಬ ಸರ್ಕಾರಿ ಮಿತವ್ಯಯ ಕ್ರಮಗಳ ಕಾಲದಲ್ಲಿ, 1842ರಲ್ಲಿ, ನಟರ ಮತ್ತು ವೇಶ್ಯೆಯರ ಚಿತ್ರಗಳಿಗೆ ನಿಷೇಧ ಬಿತ್ತು. ಕಲಾವಿದರ ಅನ್ನಕ್ಕೇ ಕಲ್ಲು. ಉತಾಗಾವಾ ಕುನಿಯೋಶಿ ಹಳೆಯ ದಂತಕಥೆಗಳತ್ತ ಹೊರಳಿದ. 1843ರ ಮೂರು ಹಾಳೆಗಳ ಚಿತ್ರವೊಂದರಲ್ಲಿ ವೀರ ಯೋರಿಮಿತ್ಸು ಕಾಯಿಲೆ ಬಿದ್ದು ನಿದ್ದೆಯಲ್ಲಿದ್ದಾನೆ, ಬೆನ್ನ ಹಿಂದೆ ಜೇಡಭೂತ, ಕತ್ತಲಲ್ಲಿ ಪಿಶಾಚಿಗಳ ದಂಡು. ಜನ ಬೇರೆಯದನ್ನೇ ಓದಿಕೊಂಡರು. ಮಲಗಿದವನು ದೇಶ ಆಳುತ್ತಿದ್ದ ಸೇನಾಧಿಪತಿ, ಶೋಗನ್ ಇಯೆಯೋಶಿ, ಕಾವಲುಗಾರನೊಬ್ಬ ಸುಧಾರಣೆ ತಂದ ಮಿಜುನೊ ತಾದಾಕುನಿ, ಪಿಶಾಚಿಗಳು ಹೊಟ್ಟೆಗೆ ಏಟು ತಿಂದ ಪ್ರಜೆಗಳು! ಹೆದರಿದ ಪ್ರಕಾಶಕ ಚಿತ್ರವನ್ನು ಹಿಂತೆಗೆದುಕೊಂಡ. ಕುನಿಯೋಶಿಯೇನೂ ಸುಮ್ಮನಾಗಲಿಲ್ಲ, ಮುಂದೆ ಪಾಳುಬಿದ್ದ ಅರಮನೆಯೊಂದರಲ್ಲಿ ಪರದೆ ಸರಿಸಿ ಇಣುಕುವ ದೈತ್ಯ ಅಸ್ಥಿಪಂಜರವನ್ನು ಮೂರು ಹಾಳೆಗಳ ತುಂಬ ಹರಡಿದ. ಮೂಲ ಕಥೆಯಲ್ಲಿ ಅಸ್ಥಿಪಂಜರಗಳು ಹಲವು. ಅವನ್ನೆಲ್ಲ ಕೂಡಿಸಿ ಒಂದೇ ಮಾಡಿದ್ದು ಅವನ ಜಾಣ್ಮೆ.

ಶೋಗನ್‌ಗಳ ಆಳ್ವಿಕೆ ಮುಗಿದು 1868ರಲ್ಲಿ ಶುರುವಾದ ಮೇಯಿಜಿ ಕಾಲಕ್ಕೆ ಗ್ಯಾಸ್ ದೀಪವೂ ರೈಲೂ ಬಂದವು. ದೆವ್ವ ಕಂಡವರಿಗೆ ನರದ ಕಾಯಿಲೆ ಎನ್ನುವ ಮಾತೂ ಬಂತು. ಕುನಿಯೋಶಿಯ ಶಿಷ್ಯ ಯೋಶಿತೋಶಿ 1889ರಲ್ಲಿ ಆರಂಭಿಸಿದ ಮೂವತ್ತಾರು ದೆವ್ವಗಳ ಮಾಲಿಕೆಯ ಹೆಸರಿನಲ್ಲೇ ಅದಕ್ಕೊಂದು ಕುಟುಕಿದೆ: 'ಶಿಂಕೇಯಿ' ಎಂದರೆ ಬರಹದಲ್ಲಿ ಹೊಸ ರೂಪ, ಕಿವಿಗೆ ನರ. 1892ರಲ್ಲಿ ಅವನು ತೀರಿಕೊಂಡ ಮೇಲೆ ಉಳಿದ ಚಿತ್ರಗಳನ್ನು ಶಿಷ್ಯರು ಪೂರೈಸಿದರು. ಆ ಹಾಳೆಗಳ ಚೌಕಟ್ಟನ್ನು ಹತ್ತಿರದಿಂದ ನೋಡಬೇಕು. ಅಂಚುಗಳು ಹುಳ ತಿಂದಂತೆ ಅಲ್ಲಲ್ಲಿ ಸವೆದಿವೆ. ಹೊಸ ಕಾಗದದ ಮೇಲೆ ಬೇಕೆಂದೇ ಕೆತ್ತಿಸಿದ ಸವಕಲು ಅದು.