ಕರಿ ಪರದೆಯ ಲೆಕ್ಕ ಬ್ರೌಸರಿಗೆ ಬರುವಾಗ

ಡಾಸ್, ಅಂದರೆ ವಿಂಡೋಸಿಗೆ ಮುಂಚಿನ ಕಂಪ್ಯೂಟರ್ ವ್ಯವಸ್ಥೆ. ಅದರ ಹಳೆಯ ಕರಿ ಪರದೆಯಲ್ಲಿ ಸಾಲಿಗೆ 80 ಅಕ್ಷರ. ಆ ಅಳತೆಯ ಮೂಲ ಐಬಿಎಂ 1928ರಲ್ಲಿ ತಂದ 80 ಕಾಲಮಿನ ತೂತಿನ ಕಾರ್ಡು. ಮಂಗಳೂರಿನ ಕಡೆ ಮಂಡಿ, ಸೊಸೈಟಿಗಳ ಲೆಕ್ಕಕ್ಕೆ ಈ ಪರದೆ ಹೊಂದಿಕೊಂಡದ್ದು ಪಿಸಿಯಲ್ಲಿ ದಾಖಲೆ ಇಡುವ ತಂತ್ರಾಂಶಗಳಾದ ಡಿಬೇಸ್, ಕ್ಲಿಪ್ಪರ್, ಫಾಕ್ಸ್‌ಪ್ರೋಗಳ ಮೂಲಕ. ಫಾಕ್ಸ್‌ಪ್ರೋ 1992ರಲ್ಲಿ ಮೈಕ್ರೋಸಾಫ್ಟ್ ಪಾಲಾಯಿತು. ವಿಷುವಲ್ ಫಾಕ್ಸ್‌ಪ್ರೋಗೆ ಬೆಂಬಲ 2015ರ ಜನವರಿಗೆ ಮುಗಿಯಿತು. ಲೆಕ್ಕ ಸರಿ ಬರುತ್ತಿರುವಾಗ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಇಕ್ಕಟ್ಟಾದದ್ದು ವಿಂಡೋಸಿನಿಂದ. 16-ಬಿಟ್ ಡಾಸ್ ಪ್ರೋಗ್ರಾಂ 64-ಬಿಟ್ ವಿಂಡೋಸಿನಲ್ಲಿ ಏಳುವುದಿಲ್ಲ. ವಿಂಡೋಸ್ 11ಕ್ಕೆ 32-ಬಿಟ್ ಆವೃತ್ತಿಯೇ ಇಲ್ಲ. ಡಾಸ್‌ಬಾಕ್ಸ್ ಎಂಬ, ಡಾಸನ್ನು ನಕಲು ಮಾಡುವ ಪ್ರೋಗ್ರಾಂ ಹಾಕಿ ಕೆಲವು ದಿನ ದೂಡಬಹುದು, ಅಷ್ಟೆ. ಅದಕ್ಕೇ ಲೆಕ್ಕವನ್ನು ಬ್ರೌಸರಿಗೆ ತರುವ ಯೋಚನೆ.

ಅಡಿಕೆ ಖರೀದಿ ಚೀಟಿಯನ್ನೇ ನೋಡಿ. ಗುಮಾಸ್ತರು ಪರದೆ ನೋಡದೆ ಹೊಡೆಯುತ್ತಾರೆ: ಪಾರ್ಟಿ ಕೋಡ್, ಎಂಟರ್, ಅಡಿಕೆಯ ದರ್ಜೆ (ಪಟೋರವೋ ಕರಿಗೋಟೋ), ಎಂಟರ್, ತೂಕ, ಎಂಟರ್, ದರ. ಬ್ರೌಸರಿನ ಫಾರ್ಮಿನಲ್ಲಿ ಮೊದಲ ಎಂಟರಿಗೇ ಅರ್ಧ ತುಂಬಿದ ಚೀಟಿ ಸರ್ವರಿಗೆ ಹೋಗುತ್ತದೆ. ಎಫ್5 ಒತ್ತಿದರೆ ಪುಟ ಮತ್ತೆ ತೆರೆದು ಬರೆದದ್ದು ಹೋಗುತ್ತದೆ. ಇವೆರಡನ್ನೂ ಪುಟದ ಕೋಡಿನಲ್ಲೇ ತಡೆದು, ಎಂಟರನ್ನು ಮುಂದಿನ ಕಾಲಮಿಗೆ ಕಳಿಸಬಹುದು. ಕಂಟ್ರೋಲ್-ಡಬ್ಲ್ಯೂ ಮಾತ್ರ ಬಗ್ಗುವುದಿಲ್ಲ: ಫಾಕ್ಸ್‌ಪ್ರೋದಲ್ಲಿ ಅದು ಸೇವ್, ಬ್ರೌಸರಿನಲ್ಲಿ ಟ್ಯಾಬ್ ಮುಚ್ಚುವ ಕೀಲಿ. ಬೇರೆ ಕೀಲಿ ಕೊಟ್ಟು ಕೈಗೆ ರೂಢಿ ಮಾಡಿಸಲೇಬೇಕು. ಮೌಸ್ ಹಿಡಿಸಿದರೆ ಸುಗ್ಗಿಯ ದಿನಗಳಲ್ಲಿ ಜನರ ಸಾಲು ರಸ್ತೆಗೆ ಬರುತ್ತದೆ.

ಅಗ್ಗದ ದಾರಿ, ಹಳೆಯ ಪರದೆಯ ಅಕ್ಷರಗಳನ್ನು ಸ್ಥಾನ ನೋಡಿ ಎತ್ತಿ ವೆಬ್ ಪುಟದಲ್ಲಿ ತೋರಿಸುವುದು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಆದಂತೆ ಒಂದು ಸಾಲು ಹೆಚ್ಚಾದರೂ ಕೆಳಗಿನದೆಲ್ಲ ಜಾರಿ, ತೂಕದ ಜಾಗದಲ್ಲಿ ದರ ಕಾಣಿಸುತ್ತದೆ. ಬ್ರೌಸರ್ ಮುಚ್ಚಿ ಎದ್ದುಹೋದರೆ ಹಿನ್ನೆಲೆಯಲ್ಲಿ ಓಡುತ್ತಿರುವ ಹಳೆಯ ಪ್ರೋಗ್ರಾಂ ಆ ರೆಕಾರ್ಡನ್ನು ಲಾಕ್ ಮಾಡಿಕೊಂಡೇ ಇರುತ್ತದೆ. ಕೆಲಸ ನಿಂತರೆ ತಾನೇ ಮುಚ್ಚುವಂತೆ ಹತ್ತು ನಿಮಿಷದ ಟೈಮ್‌ಔಟ್ ಇಡಿ.

ಹಳೆಯ ಪ್ರೋಗ್ರಾಂ ದಾಖಲೆ ಇಡುವ ಡಿಬಿಎಫ್ ಫೈಲನ್ನು ನೇರ ಓದುವುದು ಇದಕ್ಕಿಂತ ವಾಸಿ. ಬರೆಯುವುದು ಅಪಾಯ: ಹುಡುಕಲು ಬಳಸುವ ಇಂಡೆಕ್ಸ್ ಕೂಡ ಜೊತೆಗೇ ಬದಲಾಗದಿದ್ದರೆ ರೆಕಾರ್ಡ್ ಇದ್ದರೂ ಹುಡುಕಿದಾಗ ಸಿಗದು. ಗೋಣಿಯ ತೂಕ ಕಳೆಯುವಂಥ ಲೆಕ್ಕಗಳು ಫೈಲಿನಲ್ಲಿಲ್ಲ, ಹಳೆಯ ಕೋಡಿನ ಒಳಗಿವೆ. ಆದ್ದರಿಂದ ಮೊದಲು ವರದಿಗಳನ್ನಷ್ಟೇ ವೆಬ್ಬಿಗೆ ತನ್ನಿ. ಬಳಿಕ ಒಂದು ತಿಂಗಳು ಎರಡರಲ್ಲೂ ಎಂಟ್ರಿ ಮಾಡಿ, ಪ್ರತಿ ಸಂಜೆ ದಿನವಹಿಯ ಮೊತ್ತ ತಾಳೆ ನೋಡಿ.

ಎಲ್ಲರೂ ಮರೆಯುವುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರನ್ನು. ಡಾಸ್ ಪ್ರೋಗ್ರಾಂ ಬರಿಯ ಅಕ್ಷರ ಕಳಿಸುತ್ತಿತ್ತು. ಬ್ರೌಸರ್ ಇಡೀ ಪುಟವನ್ನು ಚಿತ್ರವಾಗಿ ಕಳಿಸುತ್ತದೆ. ಪ್ರಿಂಟ್ ತೆವಳುತ್ತದೆ, ಅಚ್ಚಾದ ಚೀಟಿಯ ಗೆರೆಗಳಿಗೆ ಅಂಕಿ ಕೂರುವುದಿಲ್ಲ. ಅಕ್ಷರಗಳನ್ನು ಹಾಗೆಯೇ ಪ್ರಿಂಟರಿಗೆ ತಳ್ಳುವ ಚಿಕ್ಕ ಪ್ರೋಗ್ರಾಂ ಒಂದನ್ನು ಪ್ರತಿ ಕೌಂಟರಿನ ಪಿಸಿಯಲ್ಲಿ ಹಾಕಬೇಕಾಗುತ್ತದೆ.